ರಿಕಿ ನೆಲ್ಸನ್ ಹಾಡು ಕೇಳೋಕೆ ಎಲ್ಲಿಂದ ಶುರು ಮಾಡೋದು

ರಿಕಿ ನೆಲ್ಸನ್ ಅಂದ್ರೆ ಸಾಮಾನ್ಯವಾಗಿ ಎರಡೇ ಹಾಡು ನೆನಪಿಗೆ ಬರತ್ತೆ, ಒಂದು 'ಹಲೋ ಮೇರಿ ಲೂ', ಇನ್ನೊಂದು 'ಟ್ರಾವೆಲಿನ್ ಮ್ಯಾನ್'. ಅದು ಇಷ್ಟ ಆಯ್ತು ಅಂತ ಒಂದು ಗ್ರೇಟೆಸ್ಟ್ ಹಿಟ್ಸ್ ಹಾಕ್ಕೊಂಡು ಕೂತ್ರೆ ಏಳೆಂಟನೇ ಹಾಡಿಗೆಲ್ಲ ಒಂದೇ ತರ ಕೇಳ್ಸಕ್ಕೆ ಶುರುವಾಗತ್ತೆ, ಆಮೇಲೆ 'ಬಿಡಪ್ಪ, ಮುಖ ಚೆನ್ನಾಗಿತ್ತು ಅಂತ ಓಡಿದೋನು' ಅಂದು ಎದ್ದು ಹೋಗ್ತೀವಿ. ನಾನೂ ಮೊದಲ ಸಲ ಅದನ್ನೇ ಮಾಡಿದ್ದು. ಈತನ ಹಾಡುಗಳನ್ನ ಒಟ್ಟಿಗೆ ಗುಡ್ಡೆ ಹಾಕಿ ಕೇಳಿದ್ರೆ ಏನೂ ಸಿಗಲ್ಲ, ಒಂದೊಂದು ಸುತ್ತಿಗೆ ಒಂದೊಂದೇ ವಿಷಯಕ್ಕೆ ಕಿವಿ ಕೊಟ್ಟು ಕೇಳ್ಬೇಕು, ಮೊದಲ ಸುತ್ತಲ್ಲಂತೂ ಹಾಡುಗಾರನನ್ನೇ ಮರೆತುಬಿಡ್ಬೇಕು. ಯಾಕೆ ಅಂತ ಹೇಳ್ತೀನಿ.

ಹಿನ್ನೆಲೆ ಚೂರು ಬೇಕು. ಹುಟ್ಟಿದ್ದು 1940ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಪ್ಪ ಆಜಿ ನೆಲ್ಸನ್ ಬ್ಯಾಂಡ್ ಲೀಡರು, ಅಮ್ಮ ಹ್ಯಾರಿಯೆಟ್ ಅದೇ ಬ್ಯಾಂಡಿನ ಗಾಯಕಿ, ಈ ಫ್ಯಾಮಿಲಿ ತಮ್ಮದೇ ಪಾತ್ರ ತಾವೇ ಮಾಡ್ಕೊಂಡು ಮೊದಲು ರೇಡಿಯೋದಲ್ಲಿ, ಆಮೇಲೆ 1952ರಿಂದ 1966ರವರೆಗೆ ಎಬಿಸಿ ಟೀವಿಯಲ್ಲಿ ಶೋ ನಡೆಸಿದ್ರು. ಅಂದ್ರೆ ಹುಡುಗ ಬೆಳೆದಿದ್ದೇ ದೇಶದ ಕಣ್ಣೆದುರು. 1957ರ ಏಪ್ರಿಲ್‌ನಲ್ಲಿ ಅದೇ ಶೋನಲ್ಲಿ ಫ್ಯಾಟ್ಸ್ ಡಾಮಿನೋ ಅವರ 'ಐಯಾಮ್ ವಾಕಿನ್' ಹಾಡಿದ, ವರ್ವ್ ಕಂಪನಿಯಿಂದ ರೆಕಾರ್ಡೂ ಬಂತು. ಆಗ ಅವನಿಗಿನ್ನೂ ಹದಿನಾರು. ಅದೇ ವರ್ಷ ಇಂಪೀರಿಯಲ್‌ಗೆ ಹೋದ, ತಮಾಷೆ ಅಂದ್ರೆ ಅದು ಫ್ಯಾಟ್ಸ್ ಡಾಮಿನೋ ಅವರದೇ ಕಂಪನಿ. ಆ ವರ್ವ್ ರೆಕಾರ್ಡ್‌ನ ಒಂದು ಸಲ ಕೇಳಿ ಬಿಟ್ಬಿಡಿ, ಹುಡುಗ ಹೆದರ್ಕೊಂಡು ಹಾಡಿದಾನೆ.

ಹುಡುಕೋವಾಗ ಎರಡು ಮೂರು ವಿಷಯ ನೆನಪಿರ್ಲಿ. 1961ರಲ್ಲಿ ಇಪ್ಪತ್ತೊಂದು ತುಂಬಿದಾಗ ಹೆಸರನ್ನ 'ರಿಕಿ'ಯಿಂದ 'ರಿಕ್' ಮಾಡ್ಕೊಂಡ, ಅದಕ್ಕೇ ಆ ವರ್ಷದ ಆಲ್ಬಂ ಹೆಸರು 'ರಿಕ್ ಈಸ್ 21'. ಹಾಗಾಗಿ ಯಾವ ಆ್ಯಪ್‌ನಲ್ಲಾದ್ರೂ ಎರಡೂ ಹೆಸರು ಹಾಕಿ ಹುಡುಕಿ, ಒಂದರಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಇಲ್ದೆ ಇರ್ಬೋದು. ಆಲ್ಬಂ ಪಕ್ಕ ತೋರ್ಸೋ ಇಸವಿ ನಂಬ್ಬೇಡಿ, ಮರುಬಿಡುಗಡೆ ಆದ ವರ್ಷ ಹಾಕಿರ್ತಾರೆ. ಎಲ್ಲಕ್ಕಿಂತ ದೊಡ್ಡ ಗುಂಡಿ ಯಾವುದು ಅಂದ್ರೆ 1985ರಲ್ಲಿ ಹಳೇ ಹಿಟ್‌ಗಳನ್ನೆಲ್ಲ ಮತ್ತೆ ಸ್ಟುಡಿಯೋದಲ್ಲಿ ಹಾಡಿ 'ಆಲ್ ಮೈ ಬೆಸ್ಟ್' ಅಂತ ಒಂದು ಆಲ್ಬಂ ಮಾಡಿದ್ದ, ಆ ವರ್ಷನ್‌ಗಳು ಒರಿಜಿನಲ್ ತರಾನೇ ವೇಷ ಹಾಕ್ಕೊಂಡು ಕಲೆಕ್ಷನ್‌ಗಳ ಒಳಗೆ ನುಗ್ಗಿರತ್ವೆ. ಕಂಡುಹಿಡಿಯೋದು ಕಷ್ಟ ಅಲ್ಲ, ಡ್ರಮ್ ಸೌಂಡು ಎಂಬತ್ತರ ದಶಕದ್ದು, ದನಿಯೂ ನಲವತ್ತು ದಾಟಿದೋನದ್ದು. ಕೆಟ್ಟದಾಗಿದೆ ಅಂತಲ್ಲ, ಆದ್ರೆ ನಾವು ಹುಡುಕ್ತಾ ಇರೋದು ಅದಲ್ವಲ್ಲ. ಐವತ್ತರ ದಶಕದ ಹಾಡುಗಳು ಮೋನೋದಲ್ಲಿ, ಅಂದ್ರೆ ಎಲ್ಲ ಶಬ್ದ ಒಂದೇ ಚಾನೆಲ್ಲಲ್ಲಿ, ಸಿಕ್ಕಿದ್ರೆ ಮೋನೋನೇ ತಗೊಳ್ಳಿ, ಆಮೇಲೆ ಯಾರೋ ಎಳೆದು ಸ್ಟೀರಿಯೋ ಮಾಡಿರೋದ್ರಲ್ಲಿ ಬ್ಯಾಂಡು ಒಂದ್ಕಡೆ ಹಾಡು ಒಂದ್ಕಡೆ ಆಗಿ ಹೊಡೆತಾನೇ ಹೋಗ್ಬಿಡತ್ತೆ.

ಈಗ ಮೊದಲ ಸುತ್ತು, ಗಿಟಾರ್ ಮಾತ್ರ. 1957ರ ಕೊನೇಲಿ ಬಂದ 'ಸ್ಟುಡ್ ಅಪ್' ಹಾಕಿ, ಅದರ ಹಿಂದಿನ ಸೈಡು 'ವೇಟಿನ್ ಇನ್ ಸ್ಕೂಲ್' ಕೂಡ. ಅಲ್ಲಿ ಲೀಡ್, ಅಂದ್ರೆ ಮುಂದೆ ಎದ್ದು ಕೇಳೋ ಗಿಟಾರ್, ನುಡಿಸಿರೋದು ಜೋ ಮ್ಯಾಫಿಸ್, ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಿಟಾರಿನಲ್ಲಿ ಆಗ್ಲೇ ಹೆಸರು ಮಾಡಿದ್ದ ಕೈ, ಪಕ್ಕದಲ್ಲಿ ರಿದಮ್ ಹೊಡೀತಾ ಕೂತಿರೋದು ಜೇಮ್ಸ್ ಬರ್ಟನ್ ಅನ್ನೋ ಲೂಯಿಸಿಯಾನದ ಹುಡುಗ. ಇದಾದ್ಮೇಲೆ ತಕ್ಷಣ 1958ರ 'ಬಿಲೀವ್ ವಾಟ್ ಯೂ ಸೇ' ಹಾಕಿ. ಈಗ ಲೀಡು ಬರ್ಟನ್‌ದು, ವಯಸ್ಸು ಹದಿನೆಂಟು, ಹಾಡ್ತಾ ಇರೋನಿಗೆ ಹದಿನೇಳು! ಸೋಲೋ ಬಂದಾಗ ಮೈ ಜುಮ್ಮನ್ನತ್ತೆ, ತಂತಿನ ಎಳೆದು ಬಗ್ಗಿಸಿ ಪಟಕ್ಕಂತ ಬಿಡೋ ಆ ಶಬ್ದ ಆಗಿನ ಪಾಪ್ ರೆಕಾರ್ಡುಗಳಲ್ಲಿ ಅಷ್ಟಾಗಿ ಇರ್ಲಿಲ್ಲ. ಹಾಗೆ ಬಗ್ಬೇಕು ಅಂತಲೇ ಬರ್ಟನ್ ತನ್ನ ಟೆಲಿಕಾಸ್ಟರ್ ಗಿಟಾರಿಗೆ ತೆಳ್ಳಗಿನ ಬ್ಯಾಂಜೋ ತಂತಿ ಹಾಕ್ಕೊಂಡಿದ್ದ. ನೆಲ್ಸನ್ ಇವನನ್ನ ಎಷ್ಟು ಹಚ್ಕೊಂಡಿದ್ದ ಅಂದ್ರೆ ಕೆಲಕಾಲ ಬರ್ಟನ್ ನೆಲ್ಸನ್ ಮನೇಲೇ ಇದ್ದ. ಮುಂದೆ 1969ರಿಂದ ಎಲ್ವಿಸ್ ಪ್ರೆಸ್ಲಿ ಪಕ್ಕ ನಿಂತು ನುಡಿಸಿದ್ದೂ ಇದೇ ಬರ್ಟನ್.

ಅದೇ ಗುಂಗಲ್ಲಿ 1959ರ 'ಇಟ್ಸ್ ಲೇಟ್' ಕೇಳಿ, ಕೊನೆಗೆ 'ಹಲೋ ಮೇರಿ ಲೂ'. ನೂರು ಸಲ ಕೇಳಿರ್ತೀರ, ಆದ್ರೂ ಈ ಸಲ ಹಾಡು ಬಿಟ್ಟು ಮಧ್ಯದ ಸೋಲೋ ಒಂದನ್ನೇ ಮೂರ್ನಾಲ್ಕು ಸಲ ಹಿಂದೆ ಹಾಕಿ ಕೇಳಿ ನೋಡಿ, ಅದಕ್ಕೆ ಅದರದ್ದೇ ಒಂದು ಕಥೆ ಇದೆ, ಶುರು, ನಡು, ಕೊನೆ ಎಲ್ಲ. ಬೇಸ್ ನುಡಿಸೋ ಜೋ ಆಸ್ಬಾರ್ನ್ ಕಡೆಗೂ ಗಮನ ಇರ್ಲಿ.

ಹಾಡು ಬರ್ದೋರು ಯಾರು ಅಂತ ನೋಡೋದೂ ಒಂದು ಒಳ್ಳೆ ದಾರಿ. 'ವೇಟಿನ್ ಇನ್ ಸ್ಕೂಲ್', 'ಬಿಲೀವ್ ವಾಟ್ ಯೂ ಸೇ' ಎರಡೂ ಬರ್ನೆಟ್ ಸಹೋದರರದ್ದು, ಜಾನಿ ಮತ್ತೆ ಡಾರ್ಸಿ. ಇವರು ಮೆಂಫಿಸ್‌ನ ಖಡಕ್ ರಾಕಬಿಲಿ (ಕಂಟ್ರಿ ಬೆರೆತ ರಾಕ್ ಅಂಡ್ ರೋಲ್) ಹುಡುಗ್ರು, ನೆಲ್ಸನ್ ಮನೆ ಮೆಟ್ಟಿಲ ಮೇಲೆ ಕಾದು ಕೂತು ಹಾಡು ಕೇಳಿಸಿದ್ರು ಅನ್ನೋ ಕಥೆ ಇದೆ. 'ಪೂರ್ ಲಿಟ್ಲ್ ಫೂಲ್' ಬರ್ದಿದ್ದು ಶ್ಯಾರನ್ ಶೀಲಿ ಅನ್ನೋ ಹದಿಹರೆಯದ ಹುಡುಗಿ, ಬಿಲ್‌ಬೋರ್ಡ್ ಪತ್ರಿಕೆ ಹಾಟ್ 100 ಪಟ್ಟಿ ಶುರು ಮಾಡಿದ 1958ರ ಆಗಸ್ಟ್ 4ರಂದು ಮೊಟ್ಟಮೊದಲ ನಂಬರ್ ಒನ್ ಆಗಿದ್ದು ಇದೇ ಹಾಡು. ನಿಜ ಹೇಳ್ಬೇಕು ಅಂದ್ರೆ ನನಗೆ ಅದು ಅಷ್ಟಕ್ಕಷ್ಟೇ, ಸ್ವಲ್ಪ ಎಳೀತಾನೆ.

ಎರಡನೇ ಸುತ್ತಿಗೆ ದನಿ. ಇಲ್ಲಿ ಎಲ್ವಿಸ್‌ನ ಮರೆತು ಕೇಳ್ಬೇಕು, ಯಾಕಂದ್ರೆ ನೆಲ್ಸನ್ ಕಿರುಚಲ್ಲ, ಮೇಲಕ್ಕೂ ಜಾಸ್ತಿ ಹೋಗಲ್ಲ, ಇರೋ ನಾಲ್ಕು ಸ್ವರದಲ್ಲೇ ಮೆತ್ತಗೆ ಓಡಾಡ್ತಾನೆ. ದನಿ ತೆಳು ಅನ್ನೋದು ಅವನಿಗೂ ಗೊತ್ತು, ಅದಕ್ಕೇ ಎಷ್ಟೋ ಹಾಡಲ್ಲಿ ಒಂದರ ಮೇಲೆ ಒಂದು ಅಂತ ಎರಡು ಸಲ ಹಾಡಿ ಸೇರಿಸಿರ್ತಾರೆ, ಹೆಡ್‌ಫೋನ್ ಹಾಕಿದ್ರೆ ಆ ಎರಡು ದನಿ ಚೂರು ಹಿಂದೆ ಮುಂದೆ ಆಗೋದು ಕೇಳ್ಸತ್ತೆ. ಇದನ್ನ ಬಲಹೀನತೆ ಅಂತ ಮೂಗು ಮುರಿಯೋಕೆ ಮುಂಚೆ 'ಲೋನ್‌ಸಮ್ ಟೌನ್' ಹಾಕಿ. 1958ರದ್ದು, ಬೇಕರ್ ನೈಟ್ ಬರ್ದಿದ್ದು, ಗಿಟಾರ್ ಬಿಟ್ರೆ ಹಿಂದೆ ಜೋರ್ಡನೇರ್ಸ್ ಗುಂಪಿನ ಹಮ್ಮಿಂಗ್ ಅಷ್ಟೇ. ದೊಡ್ಡ ದನಿಯೋರು ಹಾಡಿದ್ರೆ ನಾಟಕ ಆಗ್ಬಿಡ್ತಿತ್ತು, ಇವನು ಹಾಡಿರೋದಕ್ಕೆ ಖಾಲಿ ರಸ್ತೆ ಕಣ್ಣಿಗೆ ಬರತ್ತೆ. 1994ರ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲೂ ಬರತ್ತೆ, ಅಲ್ಲಿಂದ ಇದನ್ನ ಹುಡುಕ್ಕೊಂಡು ಬಂದೋರೂ ಇದಾರೆ.

'ಟ್ರಾವೆಲಿನ್ ಮ್ಯಾನ್'ನ ಕೇಳೋದಕ್ಕಿಂತ ನೋಡಿ. ಇದನ್ನ ಜೆರ್ರಿ ಫುಲ್ಲರ್ ಬರ್ದಿದ್ದು ಸೋಲ್ ಗಾಯಕ ಸ್ಯಾಮ್ ಕುಕ್ ಹಾಡ್ಲಿ ಅಂತ, ಆದ್ರೆ ಕುಕ್ ಕಡೆಯೋರು ಡೆಮೋನ ಕಸದ ಬುಟ್ಟಿಗೆ ಹಾಕಿದ್ರಂತೆ, ಪಕ್ಕದ ಆಫೀಸ್ ಇಂಪೀರಿಯಲ್‌ದು, ಗೋಡೆ ಆಚೆಯಿಂದ ಕೇಳಿಸ್ಕೊಂಡಿದ್ದ ಜೋ ಆಸ್ಬಾರ್ನ್ ಬಂದು ಆ ಹಾಡು ಕೊಡಿ ಅಂದ್ನಂತೆ. ಕಸದ ಬುಟ್ಟಿ ಹಾಡು 1961ರಲ್ಲಿ ನಂಬರ್ ಒನ್! ಫ್ಯಾಮಿಲಿ ಶೋ ಕೊನೇಲಿ ಈ ಹಾಡು ಬರೋವಾಗ ಅಪ್ಪ ಆಜಿ ಊರೂರಿನ ದೃಶ್ಯಗಳನ್ನ ಮಗನ ಮುಖದ ಜೊತೆ ಸೇರಿಸಿ ತೋರ್ಸಿದಾರೆ, ಈಗಿನ ಮ್ಯೂಸಿಕ್ ವಿಡಿಯೋದ ಅಜ್ಜ ಅಂತ ಅದನ್ನ ಕರೆಯೋರುಂಟು.

1963ರಲ್ಲಿ ಡೆಕಾ ರೆಕಾರ್ಡ್ ಕಂಪನಿ ಜೊತೆ ಇಪ್ಪತ್ತು ವರ್ಷದ ಕಾಂಟ್ರಾಕ್ಟ್. ಈ ಕಾಲದ್ದು 'ಫೂಲ್ಸ್ ರಶ್ ಇನ್', 'ಫಾರ್ ಯೂ' ಎರಡು ಸಾಕು, ಮಿಕ್ಕಿದ್ದು ಮುಂದೆ ಓಡಿಸಿ. 'ಫಾರ್ ಯೂ' 1964ರ ಶುರುವಿನಲ್ಲಿ ಆರನೇ ಸ್ಥಾನಕ್ಕೆ ಹೋಯ್ತು, ಆಗ್ಲೇ ಬೀಟಲ್ಸ್ ಬಂದಿಳಿದ್ರು, ಮತ್ತೆ ಟಾಪ್ ಟೆನ್‌ಗೆ ಬರೋಕೆ ಎಂಟು ವರ್ಷ ಬೇಕಾಯ್ತು.

ಆ ಎಂಟು ವರ್ಷದಲ್ಲೇ ಮಜಾ ಇರೋದು, ಗ್ರೇಟೆಸ್ಟ್ ಹಿಟ್ಸ್ ಕೇಳೋರು ಇದನ್ನೇ ಕಳ್ಕೊಳ್ಳೋದು. 1966ರ 'ಬ್ರೈಟ್ ಲೈಟ್ಸ್ ಅಂಡ್ ಕಂಟ್ರಿ ಮ್ಯೂಸಿಕ್', ಮಾರನೇ ವರ್ಷದ 'ಕಂಟ್ರಿ ಫೀವರ್' ಕೇಳಿ, ಯಾರೂ ಕೊಳ್ಳದೇ ಇದ್ರೂ ತನಗೆ ಬೇಕಾದ್ದು ಹಾಡ್ತಿದಾನೆ ಅನ್ನೋದು ದನೀಲೇ ಗೊತ್ತಾಗತ್ತೆ. 1969ಕ್ಕೆ ಸ್ಟೋನ್ ಕ್ಯಾನ್ಯನ್ ಬ್ಯಾಂಡ್ ಕಟ್ಟಿದ, ಬೇಸ್‌ಗೆ ರ‍್ಯಾಂಡಿ ಮೈಸ್ನರ್, ಹೌದು, ಆಮೇಲೆ ಈಗಲ್ಸ್ ಬ್ಯಾಂಡ್ ಕಟ್ಟಿದೋರಲ್ಲಿ ಒಬ್ಬನಾದ ಅದೇ ಮೈಸ್ನರ್. ಸ್ಟೀಲ್ ಗಿಟಾರ್‌ಗೆ ಕಂಟ್ರಿ ಗಾಯಕ ಬಕ್ ಓವೆನ್ಸ್ ಬ್ಯಾಂಡಿನಿಂದ ಬಂದ ಟಾಮ್ ಬ್ರಮ್ಲಿ. ಲಾಸ್ ಏಂಜಲಿಸ್‌ನ ಟ್ರೂಬಡೋರ್ ಕ್ಲಬ್ಬಿನ ಲೈವ್ ಆಲ್ಬಂ ಇದೆ, ಒಂದೇ ಒಂದು ಆಲ್ಬಂ ಕೇಳೋಕೆ ಟೈಮಿದ್ರೆ ಅದನ್ನೇ ಕೇಳಿ ಅಂತೀನಿ. ಹಾಡು ಎಲ್ಲ ತಾನೇ ಬರ್ದಿದ್ದು ಬೇಕಂದ್ರೆ 1970ರ 'ರಿಕ್ ಸಿಂಗ್ಸ್ ನೆಲ್ಸನ್', ಎಲ್ಲವೂ ಗಟ್ಟಿಯಾಗಿಲ್ಲ, ಆದ್ರೆ ಅವನದ್ದು.

ಕೊನೆಗೆ 'ಗಾರ್ಡನ್ ಪಾರ್ಟಿ'. ದಯವಿಟ್ಟು ಇದನ್ನ ಮೊದಲೇ ಕೇಳ್ಬೇಡಿ, ಹಿಂದಿನದೆಲ್ಲ ಕೇಳಿದ್ಮೇಲೆ ಇದರ ಬಿಸಿ ಬೇರೆ. 1971ರ ಅಕ್ಟೋಬರ್ 15, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಹಳೇ ರಾಕ್ ಅಂಡ್ ರೋಲ್ ಕಲಾವಿದರ ಶೋ, ಚಕ್ ಬೆರ‍್ರಿ, ಬೋ ಡಿಡ್ಲಿ ಎಲ್ಲ ಇದಾರೆ. ಇವನು ಉದ್ದ ಕೂದಲು ಬಿಟ್ಕೊಂಡು ಹೊಸ ಹಾಡು ಶುರು ಮಾಡಿದ, ಜನ ಛೀ ಥೂ ಅಂತ ಕೂಗಿದ್ರು. ಆ ಕೂಗು ಹಿಂದಿನ ಸೀಟಲ್ಲಿ ಪೊಲೀಸರ ಗಲಾಟೆಗೆ ಅಂತಲೂ ಹೇಳ್ತಾರೆ, ಇವನಿಗಂತೂ ತನಗೇ ಅನ್ಸಿ ಸ್ಟೇಜ್ ಬಿಟ್ಟು ಹೊರಟ, ಆಮೇಲೆ ಇದೇ ಹಾಡು ಬರ್ದ. ಕೇಳೋವಾಗ ಯಾರ‍್ಯಾರು ಬರ್ತಾರೆ ಹುಡುಕಿ: ಹೆಂಡತಿ ಯೋಕೋ ಜೊತೆ ಬರೋ ವಾಲ್ರಸ್ ಅಂದ್ರೆ ಬೀಟಲ್ಸ್‌ನ ಜಾನ್ ಲೆನನ್, ಡಿಲನ್ ಬೂಟಲ್ಲಿ ಅಡಗಿರೋ ಮಿಸ್ಟರ್ ಹ್ಯೂಸ್ ಅಂದ್ರೆ ಜಾರ್ಜ್ ಹ್ಯಾರಿಸನ್ ಅಂತ ಹೇಳ್ತಾರೆ, ಹಳೇ ಮೇರಿ ಲೂ ಕೂಡ ಒಂದು ಸಾಲಲ್ಲಿ ಇಣುಕ್ತಾಳೆ. ಇಷ್ಟೆಲ್ಲ ಅವಮಾನದ ಕಥೆನ ಹಾಡೋ ದನಿ ಮಾತ್ರ ಅದೇ ಮೆತ್ತಗಿಂದು, ಕೋಪಾನೇ ಇಲ್ಲ. 1972ರಲ್ಲಿ ಆರನೇ ಸ್ಥಾನ, ಅವನ ಕೊನೇ ದೊಡ್ಡ ಹಿಟ್ಟು.

ಆಮೇಲಿನದ್ರಲ್ಲಿ 1977ರ 'ಇಂಟೇಕ್ಸ್', 1981ರ 'ಪ್ಲೇಯಿಂಗ್ ಟು ವಿನ್' ಇವೆ, ಪುರುಸೊತ್ತಿದ್ರೆ ನೋಡಿ. 1985ರ ಡಿಸೆಂಬರ್ 31ಕ್ಕೆ ಶೋ ಒಂದಕ್ಕೆ ಹೋಗ್ತಿದ್ದ ಡಿಸಿ-3 ವಿಮಾನಕ್ಕೆ ಬೆಂಕಿ ಬಿದ್ದು ಟೆಕ್ಸಸ್‌ನ ಡಿ ಕಾಲ್ಬ್ ಹತ್ರ ಬಿತ್ತು, ಅವನೂ ಸೇರಿ ಏಳು ಜನ ಹೋದ್ರು, ಬ್ಯಾಂಡಿನೋರೂ ಅದರಲ್ಲೇ. ಎಲ್ಲವೂ ಪೂರ್ತಿ ಬೇಕು ಅನ್ನೋರಿಗೆ ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ದೊಡ್ಡ ದೊಡ್ಡ ಬಾಕ್ಸ್ ಸೆಟ್ ತಂದಿದೆ, ಆದ್ರೆ ಅದು ಟ್ರೂಬಡೋರ್ ಆಲ್ಬಂನ ಎರಡನೇ ಸಲ ಹಾಕ್ಬೇಕು ಅನ್ಸಿದೋರಿಗೆ ಮಾತ್ರ.