ಅಮೆರಿಕದಲ್ಲಿ ಆನ್‌ಲೈನ್ ಫಾರ್ಮಸಿ: ದುಡ್ಡು ಕಟ್ಟುವ ಮುಂಚೆ

ಬಂದ ಹೊಸತರಲ್ಲಿ ಇಲ್ಲಿನ ಔಷಧಿ ಬೆಲೆ ಕಂಡು ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅಗ್ಗದ ತಾಣ ಹುಡುಕುವುದು ತಪ್ಪಲ್ಲ. ಆದರೆ ಪ್ರಿಸ್ಕ್ರಿಪ್ಷನ್ ಕೇಳದೆ ಬಿಪಿ, ಶುಗರ್ ಮಾತ್ರೆ ಅಥವಾ ಆ್ಯಂಟಿಬಯಾಟಿಕ್ ಕಳಿಸುತ್ತೇವೆ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ತಾಣ ಹೇಗೆ ಕಾಣುತ್ತದೆ ಎಂಬುದಕ್ಕೆ ಬೆಲೆಯಿಲ್ಲ. ಪ್ರತಿ ರಾಜ್ಯದಲ್ಲೂ ‘ಬೋರ್ಡ್ ಆಫ್ ಫಾರ್ಮಸಿ’ ಅಥವಾ ಅದೇ ಕೆಲಸದ ಇಲಾಖೆ ಇದೆ. ಅದರ ಜಾಲತಾಣದಲ್ಲಿ ಲೈಸೆನ್ಸ್ ಹುಡುಕಬಹುದು. ಲೈಸೆನ್ಸ್ ‘ಆ್ಯಕ್ಟಿವ್’ ಇದೆಯೇ, ವಿಳಾಸ ತಾಳೆಯಾಗುತ್ತದೆಯೇ, ಶಿಸ್ತುಕ್ರಮ ಆಗಿದೆಯೇ ನೋಡಿ. ಹೊರರಾಜ್ಯದ ಫಾರ್ಮಸಿಯಾದರೆ ಬಹುತೇಕ ಕಡೆ ನಿಮ್ಮ ರಾಜ್ಯದ ಲೈಸೆನ್ಸೂ ಬೇಕು. ತಾಣದ ಹೆಸರು ಸಿಗದಿದ್ದರೆ ನೋಂದಾಯಿತ ಹೆಸರು, ಲೈಸೆನ್ಸ್ ನಂಬರ್ ಅವರನ್ನೇ ಕೇಳಿ. ಫಾರ್ಮಸಿಸ್ಟ್ ಜೊತೆ ಫೋನಿನಲ್ಲಿ ಮಾತಾಡಲು ಸಿಗಬೇಕು. ಇಷ್ಟಕ್ಕೂ ನುಣುಚಿಕೊಂಡರೆ ಬೇಡವೇ ಬೇಡ.

ತಾಣದಲ್ಲಿ ಕಾಣುವ ಮಾನ್ಯತೆಯ ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಕದ್ದು ಅಂಟಿಸಬಹುದು. ವಿಳಾಸದ ಕೊನೆಗೆ, ‘ಡಾಟ್ ಕಾಮ್’ ಇರುವ ಜಾಗದಲ್ಲಿ, ‘ಡಾಟ್ ಫಾರ್ಮಸಿ’ ಬರಬೇಕಾದರೆ ಮಾತ್ರ ಎನ್‌ಎಬಿಪಿ (ಫಾರ್ಮಸಿ ಬೋರ್ಡ್‌ಗಳ ಒಕ್ಕೂಟ) ಪರಿಶೀಲಿಸಿ ಒಪ್ಪಬೇಕು. ಹೆಸರಿನ ನಡುವೆ ‘ಫಾರ್ಮಸಿ’ ಎಂದಿದ್ದರೆ ಸಾಲದು. ಎಲ್ಲ ಒಳ್ಳೆಯ ಫಾರ್ಮಸಿಗಳೂ ಈ ವಿಳಾಸ ಪಡೆದಿರುವುದಿಲ್ಲ, ಹಾಗಾಗಿ ಲೈಸೆನ್ಸ್ ನೋಡುವುದೇ ಮುಖ್ಯ.

‘ಕೆನಡಾ ಫಾರ್ಮಸಿ’ ಎಂಬ ಹೆಸರಿಗೂ ಮರುಳಾಗಬೇಡಿ; ಸರಕು ಬೇರೆಲ್ಲಿಂದಲೋ ಬರುತ್ತಿರಬಹುದು. ಭಾರತದಿಂದ ನೇರ ಕಳಿಸುತ್ತೇವೆ ಎನ್ನುವವರು ನಮ್ಮವರಿಗೆ ಬೇಗ ಹತ್ತಿರವಾಗುತ್ತಾರೆ. ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯಿಲ್ಲದ ಔಷಧಿ ತರಿಸುವುದು ಸಾಮಾನ್ಯವಾಗಿ ಕಾನೂನುಬಾಹಿರ, ಕಸ್ಟಮ್ಸ್ ತಡೆಹಿಡಿದರೆ ದುಡ್ಡೂ ಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಮೆರಿಕದ ಫಾರ್ಮಸಿಗಳಂತೆ ನಟಿಸುವ ತಾಣಗಳು ಫೆಂಟನಿಲ್ ಎಂಬ ಅತಿ ಪ್ರಬಲ ಮಾದಕ ಔಷಧಿ ಬೆರೆತ ನಕಲಿ ಮಾತ್ರೆ ಮಾರುತ್ತಿವೆ, ಅವುಗಳಲ್ಲಿ ಹಲವು ಭಾರತದಿಂದಲೂ ನಡೆಯುತ್ತಿವೆ ಎಂದು 2024ರಲ್ಲಿ ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎ ಎಚ್ಚರಿಸಿದೆ. ನೋವು, ಆತಂಕದ ಮಾತ್ರೆಗಳಲ್ಲಿ ಈ ಮೋಸ ಪ್ರಾಣಕ್ಕೇ ಎರವಾಗುತ್ತದೆ.

ಗಿಫ್ಟ್ ಕಾರ್ಡ್, ಕ್ರಿಪ್ಟೊ, ಝೆಲ್‌ನಲ್ಲೇ (ಬ್ಯಾಂಕ್ ಖಾತೆಯಿಂದ ನೇರ ದುಡ್ಡು ಕಳಿಸುವ ಸೇವೆ) ಕಟ್ಟಿ ಎಂದರೆ ಕಟ್ಟಬೇಡಿ. ಕ್ರೆಡಿಟ್ ಕಾರ್ಡ್ ಆದರೆ ತಕರಾರು ಹಾಕಿ ದುಡ್ಡು ವಾಪಸ್ ಕೇಳಬಹುದು.

ಪಾರ್ಸೆಲ್ ಬಂದಮೇಲೆ ಲೇಬಲ್ ಓದಿ. ನಿಮ್ಮ ಹೆಸರು, ಡಾಕ್ಟರ ಹೆಸರು, ಫಾರ್ಮಸಿ ವಿಳಾಸ, ಆರ್‌ಎಕ್ಸ್ (ಪ್ರಿಸ್ಕ್ರಿಪ್ಷನ್) ನಂಬರ್ ಇರಬೇಕು. ಮಾತ್ರೆಯ ಮೇಲೆ ಒತ್ತಿರುವ ಅಕ್ಷರ, ಅಂಕಿ ಆ ಔಷಧಿಯದ್ದೇ ಎಂದು ನೋಡಿಕೊಳ್ಳಿ. ರೀಫಿಲ್‌ನಲ್ಲಿ ಬಣ್ಣ, ಆಕಾರ ಬದಲಾಗಿದ್ದರೆ ತಯಾರಕರು ಬೇರೆ ಇರಬಹುದು. ಫಾರ್ಮಸಿಸ್ಟ್‌ಗೆ ಕೇಳಿಯೇ ನುಂಗಿ. ಇನ್ಸುಲಿನ್ ಬೆಚ್ಚಗೆ ಬಂದರೆ ಬಳಸದೆ ಬದಲಿ ಕೇಳಿ. ಅನುಮಾನ ಬಂದ ಔಷಧಿಯನ್ನು ಎಸೆಯದೆ, ಪ್ಯಾಕಿನ ಸಮೇತ ತೆಗೆದಿಟ್ಟು ಎಫ್‌ಡಿಎಯ ‘ಮೆಡ್‌ವಾಚ್’ಗೆ ದೂರು ಕೊಡಿ.