ಕೀ ತೆಗೆದರೂ ನಿಲ್ಲದ ಇಂಜಿನ್: ನನ್ನ ಎರಡು ಬೆಂಜ್‌ಗಳು

ಕೀ ತಿರುಗಿಸಿ ಕೈಗೆ ತೆಗೆದುಕೊಂಡೆ. ಇಂಜಿನ್ ಓಡುತ್ತಲೇ ಇತ್ತು. ರಾತ್ರಿ ಹನ್ನೊಂದು ಗಂಟೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಅದರಲ್ಲಿ ಹಳೇ ಡೀಸೆಲ್ ಇಂಜಿನ್ನಿನ ಗಡಗಡ. ವಾಚ್‌ಮನ್ ಓಡಿ ಬಂದು "ಆಫ್ ಮಾಡಿ ಸಾರ್" ಅಂದ. ಕೈಯಲ್ಲಿದ್ದ ಕೀ ತೋರಿಸಿದೆ. ಅವನು ಒಂದು ಸಲ ಕೀ ನೋಡಿದ, ಒಂದು ಸಲ ನನ್ನ ಮುಖ ನೋಡಿದ.

ಆ ಕಾರು 1983ರ ಮರ್ಸಿಡಿಸ್ ಬೆಂಜ್ 240ಡಿ. ಮಾಡೆಲ್ ಹೆಸರು ಡಬ್ಲ್ಯು123. ಮಂಗಳೂರಿನ ಕಡೆಯ ಮನೆಯೊಂದರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದನ್ನು ತಂದಿದ್ದೆ. ಅದಾದ ಎರಡು ವರ್ಷಕ್ಕೆ, ಬುದ್ಧಿ ಬರಲಿಲ್ಲ ನೋಡಿ, ಅದರ ಮುಂದಿನ ತಲೆಮಾರಿನ ಡಬ್ಲ್ಯು124 ಕೂಡ ತಂದೆ. 1996ರ ಇ220. ಎರಡನ್ನೂ ಕೈಯಾರೆ ಬಿಚ್ಚಿ, ಜೋಡಿಸಿ, ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ಡಬ್ಲ್ಯು123 ಬಂದಿದ್ದು 1976ರಲ್ಲಿ. ಹತ್ತು ವರ್ಷದಲ್ಲಿ ಸುಮಾರು 27 ಲಕ್ಷ ಕಾರು ತಯಾರಾದವು. ಡಬ್ಲ್ಯು124 ಬಂದಿದ್ದು 1984ರ ಕೊನೆಗೆ. ಜರ್ಮನಿಯಲ್ಲಿ ಅದರ ಜಾಗಕ್ಕೆ ಹೊಸ ಮಾಡೆಲ್ ಬಂದ 1995ರಲ್ಲೇ ನಮ್ಮ ಪುಣೆಯಲ್ಲಿ ಇದನ್ನು ಜೋಡಿಸಲು ಶುರು ಮಾಡಿದರು. ಭಾರತದಲ್ಲಿ ಜೋಡಿಸಿದ ಮೊದಲ ಬೆಂಜ್ ಕಾರು ಇದೇ.

ಸರಿ, ನಿಲ್ಲದ ಇಂಜಿನ್ನಿನ ಕಥೆಗೆ ಬರೋಣ. ಪೆಟ್ರೋಲ್ ಕಾರಿನ ಹಾಗೆ ಕರೆಂಟ್ ಕಡಿದರೆ ಈ ಡೀಸೆಲ್ ಇಂಜಿನ್ ನಿಲ್ಲುವುದಿಲ್ಲ. ಪಂಪಿನಿಂದ ಡೀಸೆಲ್ ಬರುವುದನ್ನೇ ನಿಲ್ಲಿಸಬೇಕು. ಆ ಕೆಲಸ ಮಾಡುವುದು ವ್ಯಾಕ್ಯೂಮ್. ಇಂಜಿನ್ನಿಗೆ ಜೋಡಿಸಿದ ಒಂದು ಪಂಪ್ ಗಾಳಿ ಎಳೆಯುತ್ತಿರುತ್ತದೆ. ಕೀ ತಿರುಗಿಸಿದರೆ ಆ ಎಳೆತ ಸಣ್ಣ ಪೈಪಿನಲ್ಲಿ ಇಂಜೆಕ್ಷನ್ ಪಂಪಿಗೆ ಹೋಗಿ ಡೀಸೆಲ್ ಬಂದ್ ಮಾಡುತ್ತದೆ. ಬ್ರೇಕ್ ಬೂಸ್ಟರಿಗೂ ಇದೇ ವ್ಯಾಕ್ಯೂಮ್. ಸೆಂಟ್ರಲ್ ಲಾಕ್ ಇರುವ ಕಾರಾದರೆ ಬಾಗಿಲು, ಡಿಕ್ಕಿ, ಟ್ಯಾಂಕಿನ ಮುಚ್ಚಳ ಲಾಕ್ ಆಗುವುದೂ ಇದರಿಂದಲೇ. ಎಲ್ಲೋ ಒಂದು ಕಡೆ ಗಾಳಿ ಸೋರಿದರೆ ಸಾಕು, ಇನ್ನೆಲ್ಲೋ ಕೈ ಕೊಡುತ್ತದೆ.

ಆ ರಾತ್ರಿ ಬಾನೆಟ್ ಎತ್ತಿ, ಇಂಜೆಕ್ಷನ್ ಪಂಪಿನ ಹತ್ತಿರ 'ಸ್ಟಾಪ್' ಎಂದು ಬರೆದಿದ್ದ ಲಿವರ್ ಒತ್ತಿದೆ. ಇಂಜಿನ್ ಒಮ್ಮೆ ಅಲುಗಾಡಿ ನಿಂತಿತು.

ಮಾರನೇ ಭಾನುವಾರ ಸೋರಿಕೆ ಹುಡುಕಲು ಕೂತೆ. ಸುಮ್ನೆ ಎಲ್ಲ ಪೈಪ್ ಬದಲಿಸುವುದು ದಡ್ಡತನ. ಒಂದೊಂದೇ ದಾರಿ ಮುಚ್ಚುತ್ತಾ ಬರಬೇಕು. ಮೊದಲು ಸೆಂಟ್ರಲ್ ಲಾಕಿಗೆ ಹೋಗುವ ಪೈಪ್ ಕಳಚಿ, ಅದರ ಬಾಯಿಗೆ ಒಂದು ಸ್ಕ್ರೂ ತುರುಕಿದೆ. ಸ್ಟಾರ್ಟ್ ಮಾಡಿ ಕೀ ತಿರುಗಿಸಿದೆ. ಟಕ್ ಅಂತ ನಿಂತಿತು! ಅಂದರೆ ಕಳ್ಳ ಇಂಜಿನ್ ಕಡೆ ಇಲ್ಲ, ಬಾಗಿಲುಗಳಲ್ಲಿದ್ದಾನೆ. ನಾಲ್ಕೂ ಡೋರ್ ಪ್ಯಾಡ್ ಬಿಚ್ಚಿದೆ. ಹಿಂದಿನ ಎಡ ಬಾಗಿಲಿನೊಳಗೆ ಲಾಕ್ ಎಳೆಯುವ, ಬೋಂಡಾ ಗಾತ್ರದ ಒಂದು ಡಬ್ಬಿ, ಅದರೊಳಗೆ ರಬ್ಬರಿನ ಪೊರೆ. ಪೊರೆಯಲ್ಲಿ ಉಗುರಿನಷ್ಟು ಉದ್ದದ ಬಿರುಕು. ಇಷ್ಟಕ್ಕೇ ಇಂಜಿನ್ ನಿಲ್ಲುತ್ತಿರಲಿಲ್ಲ.

ಹಳೇ ಕಾರೆಂದರೆ ಸರಳ, ಗಟ್ಟಿಮುಟ್ಟು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಕಬ್ಬಿಣದ ಮಟ್ಟಿಗೆ ಅದು ನಿಜ, ರಬ್ಬರಿನ ಮಟ್ಟಿಗೆ ಅಲ್ಲ. ಈ 240ಡಿಯ ಇಂಜಿನ್ ಓಎಂ616. ಬಜಾಜ್ ಟೆಂಪೊ ಕಂಪನಿ ಪರವಾನಗಿ ಪಡೆದು ಇದೇ ಇಂಜಿನ್ನನ್ನು ಭಾರತದಲ್ಲಿ ಮಾಡಿತು. ಟ್ರ್ಯಾಕ್ಸ್, ಟ್ರಾವೆಲರ್ ಎಲ್ಲ ಇದರ ಮೇಲೇ ಓಡಿದವು. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಯಲ್ಲಿ ನಾನು ಭಯಭಕ್ತಿಯಿಂದ "ಬೆಂಜ್ 240ಡಿ" ಅಂದೆ. ಕೌಂಟರಿನಲ್ಲಿದ್ದ ಹಿರಿಯರು ತಲೆ ಎತ್ತದೇ "ಟ್ರಾವೆಲರ್ ಇಂಜಿನ್ ಅಲ್ವಾ, ಹಾಗೆ ಹೇಳಿ" ಅಂದರು. ಎಲ್ಲ ಪಾರ್ಟೂ ನೇರ ಕೂರುವುದಿಲ್ಲ, ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿಯೇ ತರಬೇಕು. ಆದರೂ ಒಂದು ಬೆಂಜಿಗೆ ಇಷ್ಟು ಸುಲಭವಾಗಿ ಸಾಮಾನು ಸಿಗುತ್ತದೆ ಎಂದುಕೊಂಡಿರಲಿಲ್ಲ.

ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಸಂದು ಸರಿಮಾಡುವುದು) ಕೂಡ ನಾನೇ ಮಾಡುತ್ತೇನೆ. ಇಂಜಿನ್ ತಣ್ಣಗಿರಬೇಕು. 14 ನಂಬರಿನ ಎರಡು ಸ್ಪ್ಯಾನರ್, ಸಂದು ಅಳೆಯಲು ಒಂದು ಫೀಲರ್ ಗೇಜ್. ಇನ್‌ಲೆಟ್ 0.10 ಮಿ.ಮೀ., ಎಕ್ಸಾಸ್ಟ್ 0.30. ಎಂಟು ವಾಲ್ವಿಗೆ ಮೊದಲ ಸಲ ಇಡೀ ಮಧ್ಯಾಹ್ನ ಹೋಯಿತು, ಈಗ ಒಂದು ಗಂಟೆ ಸಾಕು. ಇ220ಯಲ್ಲಿ ಈ ಕೆಲಸವೇ ಇಲ್ಲ, ಅದರದ್ದು ಸಂದನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್.

ಓಡಿಸುವ ವಿಷಯಕ್ಕೆ ಬಂದರೆ ಎರಡಕ್ಕೂ ಹೋಲಿಕೆಯೇ ಇಲ್ಲ. 240ಡಿಯ ಶಕ್ತಿ 72 ಎಚ್‌ಪಿ. ನಾಲ್ಕು ಜನ, ಲಗೇಜು ಹಾಕಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಕೆಂಪು ಬಸ್ಸು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಯಿತು. ಹಿಂದೆ ಕೂತಿದ್ದ ಮಗ "ಅಪ್ಪಾ, ಬೆಂಜ್ ಅಂದ್ರೆ ಇದೇನಾ?" ಅಂದ. ಉತ್ತರ ಕೊಡಲಿಲ್ಲ. ಸೀಟು ಮಾತ್ರ ಒಳಗೆ ಸ್ಪ್ರಿಂಗ್ ಇರುವ ಹಳೇ ಸೋಫಾದ ಹಾಗೆ. ಮಂಗಳೂರಿನಿಂದ ಬೆಂಗಳೂರಿಗೆ ಬಂದು ಇಳಿದಾಗ ಬೆನ್ನು ನೋವಿರಲಿಲ್ಲ.

ಇ220 ಅದೇ ಘಾಟಿಯನ್ನು ಹತ್ತಿದ ರೀತಿಯೇ ಬೇರೆ. 150 ಎಚ್‌ಪಿ ಇದೆ ನಿಜ, ಆದರೆ ನನಗೆ ಖುಷಿ ಕೊಟ್ಟಿದ್ದು ತಿರುವುಗಳು. ಹಿಂದಿನ ಒಂದೊಂದು ಚಕ್ರವನ್ನೂ ಐದೈದು ತೋಳುಗಳು ಹಿಡಿದಿರುತ್ತವೆ. 1982ರಲ್ಲಿ ಚಿಕ್ಕ ಬೆಂಜ್ 190ಕ್ಕೆ ಮಾಡಿದ ಸಸ್ಪೆನ್ಷನ್ ಇದು, ಅದನ್ನೇ ಇಲ್ಲಿಗೂ ತಂದರು. ತಿರುವಿನ ಮಧ್ಯದಲ್ಲಿ ಗುಂಡಿ ಬಂದರೂ ಕಾರು ದಾರಿ ಬಿಡುವುದಿಲ್ಲ. ಗಾಳಿಯ ಸದ್ದೂ ಕಡಿಮೆ. ಗಾಳಿ ಸೀಳುವ ಲೆಕ್ಕದಲ್ಲಿ (ಕಡಿಮೆ ಇದ್ದಷ್ಟೂ ಒಳ್ಳೆಯದು) ಹಳೆಯದು 0.42 ಇದ್ದರೆ ಇದು 0.30ರ ಆಸುಪಾಸು. 240ಡಿಯಲ್ಲಿ 90 ದಾಟಿದರೆ ಹಿಂದಿನವರ ಜೊತೆ ಕೂಗಿ ಮಾತಾಡಬೇಕು, ಇದರಲ್ಲಿ ಹಾಗಿಲ್ಲ. ಇನ್ನು ಮಳೆ ಬಂದರೆ ಇದರ ಒಂಟಿ ವೈಪರ್ ನೋಡಬೇಕು. ಮಧ್ಯದಿಂದ ಹೊರಟು ಗಾಜಿನ ಮೂಲೆಗೆ ಬಂದಾಗ ಕೈ ಉದ್ದ ಮಾಡಿ ಒರೆಸಿ, ಮತ್ತೆ ಒಳಗೆಳೆದುಕೊಳ್ಳುತ್ತದೆ. ಗಾಜಿನ ಶೇ. 86 ಭಾಗ ಒರೆಸುತ್ತದಂತೆ. ಮಗ ಮಳೆಗೆ ಕಾಯುತ್ತಿದ್ದ.

ಇಷ್ಟೆಲ್ಲ ಹೊಗಳಿದ ಕಾರು ಎರಡನೇ ತಿಂಗಳಲ್ಲೇ ಸಿಗ್ನಲ್ಲಿನಲ್ಲಿ ನಿಂತಾಗ ತೂರಾಡಲು ಶುರು ಮಾಡಿತು. ಆರ್‌ಪಿಎಂ ಏರುವುದು, ಇಳಿಯುವುದು, ಒಮ್ಮೊಮ್ಮೆ ಆಫ್. ತೋರಿಸಿದ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು, ಏರ್ ಫ್ಲೋ ಸೆನ್ಸರ್ ಬದಲಿಸಿದರು, ಬಿಲ್ಲೂ ಕೊಟ್ಟರು. ತೂರಾಟ ಹಾಗೇ ಇತ್ತು. ಕೊನೆಗೆ ಮನೆಗೆ ತಂದು, ಇಂಜಿನ್ ಮೇಲಿನ ವೈರಿಂಗಿನ ಕವರ್ ಸೀಳಿ ಒಂದು ವೈರ್ ಬಗ್ಗಿಸಿದೆ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹುರಿದ ಹಪ್ಪಳದ ಹಾಗೆ ಪುಡಿಯಾಗಿ ಬೆರಳಿಗಂಟಿತು. ಒಳಗೆ ಬೆತ್ತಲೆ ತಾಮ್ರ. ಪಕ್ಕದ ವೈರೂ ಹಾಗೇ. ಒಂದಕ್ಕೊಂದು ತಾಗಿದರೆ ಕಂಪ್ಯೂಟರಿಗೆ ಹೋಗುವ ಲೆಕ್ಕವೆಲ್ಲ ತಪ್ಪು. ಆ ವರ್ಷಗಳ ಪೆಟ್ರೋಲ್ ಇಂಜಿನ್ನುಗಳ ವೈರಿಂಗ್ ಬಿಸಿಗೆ ಹೀಗಾಗುವುದು ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಂತೆ. ನನಗೆ ಗೊತ್ತಿರಲಿಲ್ಲ.

ಹೊಸ ವೈರಿಂಗ್ ಸೆಟ್ಟಿನ ರೇಟು ಕೇಳಿ ಫೋನ್ ಇಟ್ಟೆ. ಹಳೆಯದನ್ನೇ ಇಡಿಯಾಗಿ ಬಿಚ್ಚಿ ಡೈನಿಂಗ್ ಟೇಬಲ್ ಮೇಲೆ ಹರಡಿದೆ. ಪ್ರತಿ ತುದಿಗೂ ಕಾಗದದ ಟೇಪ್ ಅಂಟಿಸಿ ನಂಬರ್ ಬರೆದೆ. ಹಳೇ ಕನೆಕ್ಟರ್ ಉಳಿಸಿಕೊಂಡು, ಬಿಸಿ ತಡೆಯುವ ಸಿಲಿಕಾನ್ ವೈರಿನಲ್ಲಿ ಒಂದೊಂದೇ ಎಳೆ ಬದಲಿಸಿದೆ. ಮೂರು ವಾರಾಂತ್ಯ ಹಿಡಿಯಿತು. ಮನೆಯವರೆಲ್ಲ ಹಾಲಿನಲ್ಲಿ ತಟ್ಟೆ ಹಿಡಿದು ಊಟ ಮಾಡಿದರು. ಜೋಡಿಸಿದ ಮೇಲೂ ಸ್ವಲ್ಪ ತೂರಾಟ ಉಳಿಯಿತು. ಥ್ರಾಟಲ್ ಬಾಡಿಯೊಳಗೆ ಇನ್ನೊಂದು ಗೇಣಿನಷ್ಟು ವೈರ್ ಇತ್ತು, ಅದೂ ಪುಡಿ. ಅದನ್ನೂ ಬದಲಿಸಿದ ಮೇಲೆ ಇಂಜಿನ್ ಗಡಿಯಾರದ ಹಾಗೆ ಒಂದೇ ಸಮ ಓಡುತ್ತಿದೆ. ಆಮೇಲೆ ಹಿಂದಿನ ತೋಳುಗಳ ಬುಷ್ ಹೋದವು, ಅವೂ ರಬ್ಬರೇ.

ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನಾನು ಡಬ್ಲ್ಯು124 ಅಂತಲೇ ಹೇಳುತ್ತೇನೆ. 240ಡಿ ಮೇಲೆ ನನಗೆ ಪ್ರೀತಿ ಜಾಸ್ತಿ, ಅದು ಬೇರೆ ಮಾತು. ಇ220 ನೋಡಲು ಹೋದರೆ ಮೊದಲು ಬಾನೆಟ್ ನೆಟ್ಟಗೆ ನಿಲ್ಲಿಸಿ, ಇಂಜಿನ್ ಪಕ್ಕದ ಒಂದು ವೈರನ್ನು ಮೆಲ್ಲಗೆ ಬಗ್ಗಿಸಿ. ಸಿಪ್ಪೆ ಉದುರಿದರೆ ಮೂರು ವಾರಾಂತ್ಯದ ಕೂಲಿಯನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. 240ಡಿ ಆದರೆ ಕೀ ತಿರುಗಿಸಿ ಮನಸ್ಸಿನಲ್ಲೇ ಎಣಿಸಿ. ಒಂದು ಎನ್ನುವುದರೊಳಗೆ ಇಂಜಿನ್ ನಿಲ್ಲಬೇಕು. ಮೂರು, ನಾಲ್ಕು ಅಂತ ಎಣಿಸುತ್ತಿದ್ದರೆ ಜೇಬಿನಲ್ಲಿ ಒಂದು ಸ್ಕ್ರೂ ಇಟ್ಟುಕೊಂಡು ಹೋಗಿ, ಸೆಂಟ್ರಲ್ ಲಾಕಿನ ಪೈಪಿಗೆ ತುರುಕಿ ಇನ್ನೊಂದು ಸಲ ನೋಡಿ.