ಮತಯಂತ್ರ ಬಲ್ಲವರಿಗೆ ಮತಪತ್ರ ಕಲಿಸುವುದು: ಪಂಚಾಯ್ತಿ ಚುನಾವಣೆಯ ಹೊಸ ತರಬೇತುದಾರರಿಗೆ

ಗ್ರಾಮ ಪಂಚಾಯ್ತಿ ಚುನಾವಣೆಯ ಮಾಸ್ಟರ್ ಟ್ರೇನರ್ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸಬರು ನಿಮಗೆ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವವರು ಮೂರ್ನಾಲ್ಕು ವಿಧಾನಸಭೆ, ಲೋಕಸಭೆ ಚುನಾವಣೆ ಮಾಡಿ ಬಂದ ಅನುಭವಿ ಪಿ.ಆರ್.ಓ.ಗಳು, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಗಳು. ಹಿಂದಿನ ಬೆಂಚಿನಲ್ಲಿ ಕೂತು, "ಎಲ್ಲಾ ಗೊತ್ತಿದೆ ಸಾರ್, ಸಹಿ ಪಟ್ಟಿ ಕಳಿಸಿ" ಅನ್ನುತ್ತಾರೆ. ಅವರಿಗೆ ಗೊತ್ತಿರುವುದು ಮತಯಂತ್ರ. 2004ರಿಂದ ಲೋಕಸಭೆಗೆ ದೇಶದ ಎಲ್ಲ ಕಡೆ ಯಂತ್ರವೇ. ಆಮೇಲೆ ನೌಕರಿಗೆ ಸೇರಿದವರು ಮತಪೆಟ್ಟಿಗೆ ನೋಡುವುದು ಪಂಚಾಯ್ತಿ ಚುನಾವಣೆಯಲ್ಲಿ, ಅದೂ ಐದು ವರ್ಷಕ್ಕೊಮ್ಮೆ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ನಡೆದ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಡೆ ಮತಪತ್ರವೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಬೇಕೆಂದು ಶಿಫಾರಸು ಮಾಡಿದೆ. ಅಂದಮೇಲೆ ಈ ವಿದ್ಯೆ ಇನ್ನೂ ಬೇಕು.

ನಾನು ಸಾಗರ ತಾಲ್ಲೂಕಿನಲ್ಲಿ ಹೈಸ್ಕೂಲು ಗಣಿತ ಮೇಷ್ಟ್ರು. ಇಲ್ಲಿ ಬರೆದಿರುವುದು ಹಾಲಿನಲ್ಲಿ ಮೈಕು ಹಿಡಿದು ಕಲಿಸುವ ಬಗೆ ಮಾತ್ರ. ರಾಜ್ಯ ಚುನಾವಣಾ ಆಯೋಗದ ಕೈಪಿಡಿಗೆ ಇದು ಬದಲಿಯಲ್ಲ. ಕೈಪಿಡಿ ಪ್ರತಿ ಚುನಾವಣೆಗೂ ಅಲ್ಲಲ್ಲಿ ಬದಲಾಗುತ್ತದೆ, ಹಳೆಯ ಪ್ರತಿ ಇಟ್ಟುಕೊಂಡು ಪಾಠ ಮಾಡಬೇಡಿ.

ಸ್ಲೈಡು ಕಡಿಮೆ, ಪೆಟ್ಟಿಗೆ ಹೆಚ್ಚು

ಸಾಮಾನ್ಯವಾಗಿ ನಡೆಯುವುದೇನು? ಪದವಿ ಕಾಲೇಜಿನ ಸಭಾಂಗಣದಲ್ಲಿ ಮುನ್ನೂರು ಜನ, ಎಪ್ಪತ್ತು ಸ್ಲೈಡು, ಮಧ್ಯಾಹ್ನ ಪಲಾವು, ಮೂರು ಗಂಟೆಗೆ ಬಸ್ಸು. ಇದರಿಂದ ಯಾರೂ ಏನೂ ಕಲಿಯುವುದಿಲ್ಲ. ತಹಸೀಲ್ದಾರರನ್ನು ಮೊದಲೇ ಕಂಡು, ಸಭಾಂಗಣದ ಬದಲು ತರಗತಿ ಕೋಣೆಗಳನ್ನು ಕೇಳಿ. ಕೋಣೆಗೆ ನಲವತ್ತು ಜನಕ್ಕಿಂತ ಹೆಚ್ಚು ಬೇಡ. ತಾಲ್ಲೂಕು ಕಚೇರಿಯ ದಾಸ್ತಾನಿನಿಂದ ಕೋಣೆಗೆ ಎರಡಾದರೂ ಹಳೆಯ ಮತಪೆಟ್ಟಿಗೆ ತರಿಸಿ. ಒಂದು ವಾರ ಮೊದಲೇ ತರಿಸಿ, ಮುಚ್ಚಳಕ್ಕೆ ತುಕ್ಕು ಹಿಡಿದಿರುತ್ತದೆ, ಎಣ್ಣೆ ಬಿಡಬೇಕಾಗುತ್ತದೆ.

ಡಮ್ಮಿ ಮತಪತ್ರ ನೀವೇ ಮುದ್ರಿಸಿ. ಕೌಂಟರ್‌ಫಾಯಿಲ್ (ಮತಪತ್ರ ಹರಿದುಕೊಟ್ಟ ಮೇಲೆ ಕಟ್ಟಿನಲ್ಲೇ ಉಳಿಯುವ ತುಂಡು) ಇರಲಿ, ಕ್ರಮಸಂಖ್ಯೆ ಇರಲಿ, ಐವತ್ತರ ಕಟ್ಟು ಮಾಡಿ. ಅಭ್ಯರ್ಥಿಗಳಿಗೆ ಊರಲ್ಲಿರುವ ಹೆಸರು ಯಾವುದೂ ಬೇಡ. ನಾನು ಹಲಸು, ನೇರಳೆ, ಮುರುಗಲು, ವಾಟೆ, ಅಪ್ಪೆಮಿಡಿ ಅಂತ ಹಾಕುತ್ತೇನೆ. ರಾಮಪ್ಪ, ಮಂಜಪ್ಪ ಅಂತ ಹಾಕಿದರೆ ಯಾರಾದರೊಬ್ಬರು ಫೋಟೋ ತೆಗೆದು ವಾಟ್ಸಾಪಿಗೆ ಬಿಡುತ್ತಾರೆ, ಸಂಜೆಯೊಳಗೆ "ಮತಪತ್ರ ಲೀಕ್" ಅಂತ ಸುದ್ದಿ. ಅಪ್ಪೆಮಿಡಿ ಗೆದ್ದರೆ ಯಾರಿಗೂ ಹೊಟ್ಟೆಕಿಚ್ಚಿಲ್ಲ.

ಕೋಣೆಗೆ ಬಂದವರನ್ನು ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿ ಯಾರು ಯಾರು ಮತಪೆಟ್ಟಿಗೆಗೆ ಸೀಲು ಹಾಕಿದ್ದೀರಿ? ಕೈ ಎತ್ತಿದ ನಾಲ್ಕು ಜನರನ್ನು ನಾಲ್ಕು ಗುಂಪಿಗೆ ಹಂಚಿ. ನಿವೃತ್ತಿ ಹತ್ತಿರದಲ್ಲಿರುವ ಪ್ರೈಮರಿ ಶಾಲೆಯ ಅಕ್ಕೋರು ಒಬ್ಬರು ಪೇಪರ್ ಸೀಲು (ಪೆಟ್ಟಿಗೆ ಭದ್ರ ಮಾಡುವ ಕಾಗದದ ಪಟ್ಟಿ) ತೂರಿಸುವುದನ್ನು ನೋಡಿ ಕಲಿಯುವಷ್ಟು ನಿಮ್ಮ ಸ್ಲೈಡಿನಿಂದ ಯಾರೂ ಕಲಿಯುವುದಿಲ್ಲ.

ಪೆಟ್ಟಿಗೆ

ಮತಯಂತ್ರದ ಅಭ್ಯಾಸದವರು ಕೇಳುವ ಮೊದಲ ಪ್ರಶ್ನೆ: ಅಣಕು ಮತದಾನ (ಯಂತ್ರ ಸರಿಯಿದೆಯೇ ಎಂದು ಏಜೆಂಟರೆದುರು ಮೊದಲು ಮಾಡುವ ಪರೀಕ್ಷೆ) ಯಾವಾಗ? ಪೆಟ್ಟಿಗೆಗೆ ಅಣಕು ಮತದಾನವಿಲ್ಲ. ಖಾಲಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅಭ್ಯರ್ಥಿಗಳ ಏಜೆಂಟರಿಗೆ ತೋರಿಸುವುದೇ ಇಲ್ಲಿ ಆ ಕೆಲಸ. ಒಳಗೆ ಮತಗಟ್ಟೆಯ ವಿವರದ ಚೀಟಿ, ಪೇಪರ್ ಸೀಲಿನ ಮೇಲೆ ಪಿ.ಆರ್.ಓ. ಮತ್ತು ಏಜೆಂಟರ ಸಹಿ, ಸೀಲಿನ ಸಂಖ್ಯೆ ಬರೆದುಕೊಳ್ಳುವುದು, ಮುಚ್ಚಳ, ದಾರ, ಅರಗು, ಹೊರಗೊಂದು ಚೀಟಿ. ಹೇಳುವುದಕ್ಕೆ ಒಂದು ನಿಮಿಷ. ಮಾಡಿಸಿದರೆ ಮೊದಲ ಸಲ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಪೇಪರ್ ಸೀಲು ಹರಿಯುವುದು ಎಳೆಯುವಾಗ. ಅಷ್ಟೇ ಅಗಲದ ಪಟ್ಟಿಗಳನ್ನು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕೊಡಿ, ಎಷ್ಟು ಬೇಕಾದರೂ ಹರಿಯಲಿ. ಎಲ್ಲರೂ ಮಾಡಬೇಕು, ಪಿ.ಆರ್.ಓ. ಮಾತ್ರವಲ್ಲ. ಮತದಾನದ ಬೆಳಿಗ್ಗೆ ಆರಕ್ಕೆ ಪಿ.ಆರ್.ಓ.ಗೆ ಬಿ.ಪಿ. ಏರಿ ಕೈ ನಡುಗುವುದು ಹೊಸದೇನಲ್ಲ. ಅರಗು ಕರಗಿಸಲು ಮೇಣದಬತ್ತಿ, ಬೆಂಕಿಪೊಟ್ಟಣ ಸಾಮಗ್ರಿಯಲ್ಲಿ ಇದೆಯೋ ಇಲ್ಲವೋ, ತಂಡಗಳಿಗೆ ಸಾಮಗ್ರಿ ಹಂಚುವ ಮಸ್ಟರಿಂಗ್‌ನಲ್ಲೇ ನೋಡಿಕೊಳ್ಳಲು ಹೇಳಿ.

ಯಾವ ಕ್ಷೇತ್ರದ ಕಟ್ಟು?

ಅತಿ ದೊಡ್ಡ ಅಪಾಯ ಇಲ್ಲಿದೆ, ಇದಕ್ಕೆ ಅರ್ಧ ಗಂಟೆ ಇಡಿ. ಒಂದೇ ಶಾಲೆಯ ಎರಡು ಕೋಣೆಯಲ್ಲಿ ಎರಡು ಕ್ಷೇತ್ರದ ಮತದಾನ ಇರುತ್ತದೆ. ಪಂಚಾಯ್ತಿ ಒಂದೇ, ಊರಿನ ಹೆಸರೂ ಒಂದೇ, ಕ್ಷೇತ್ರದ ಸಂಖ್ಯೆಯ ಕೊನೆಯ ಅಂಕಿ ಮಾತ್ರ ಬೇರೆ. ಕಟ್ಟು ಅದಲುಬದಲಾಗಿ ಮತದಾನ ಶುರುವಾಗಿಬಿಟ್ಟರೆ ವಿಷಯ ಮರು ಮತದಾನದವರೆಗೆ ಹೋಗುತ್ತದೆ. ಆದ್ದರಿಂದ ಎರಡು ಕ್ಷೇತ್ರದ ಡಮ್ಮಿ ಕಟ್ಟು ಮುದ್ರಿಸಿ, ಬೇಕೆಂದೇ ಕಲಸಿ ಕೊಡಿ. ಕ್ರಮಸಂಖ್ಯೆ ಒಂದೆರಡು ಹಾರಿಸಿ, ಒಂದು ಸಂಖ್ಯೆ ಎರಡು ಸಲ ಬರುವಂತೆ ಮಾಡಿ. ಮತದಾರರ ಪಟ್ಟಿಯಲ್ಲೂ ಅಷ್ಟೇ: ಕೊನೆಯ ಪೂರಕ ಪಟ್ಟಿ ತೆಗೆದು ಕೊಡಿ, ಯಾರು ಕೇಳುತ್ತಾರೆ ನೋಡಿ. ಸಿಕ್ಕಿಬಿದ್ದವರಿಗೆ ಮುಖ ಕೆಂಪಾಗುತ್ತದೆ. ಮಸ್ಟರಿಂಗ್ ದಿನ ಮಾತ್ರ ಅವರೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು ಎಣಿಸುತ್ತಾರೆ.

ನಮ್ಮ ಕಡೆ ಮಸ್ಟರಿಂಗ್‌ನಲ್ಲಿ ಗಡಿಬಿಡಿಗೆ ಇನ್ನೊಂದು ಕಾರಣವಿತ್ತು. ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ ಕಡೆ ಹೋಗುವ ತಂಡಗಳಿಗೆ ಹೊಳೆಬಾಗಿಲಿನ ಲಾಂಚ್ ಹಿಡಿಯುವ ಅವಸರ. ಲಾಂಚ್ ತಪ್ಪುತ್ತದೆಂದು ಮತಪತ್ರ ಎಣಿಸದೆ ಬಸ್ಸು ಹತ್ತಲು ನೋಡುತ್ತಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ಆ ನೆಪ ಹೋಯಿತು. ನಿಮ್ಮ ತಾಲ್ಲೂಕಿನಲ್ಲಿ ಅವಸರಕ್ಕೆ ಕಾರಣ ಏನೆಂದು ನೋಡಿ, ಅಂಥ ತಂಡಗಳಿಗೆ ಸಾಮಗ್ರಿ ಮೊದಲು ಕೊಡಿಸಲು ಸೆಕ್ಟರ್ ಅಧಿಕಾರಿಗೆ ಹೇಳಿ.

"ಒಬ್ಬರಿಗೆ ಒಂದು ಮತ" ಮರೆಸಬೇಕು

ಪಂಚಾಯ್ತಿಯಲ್ಲಿ ಒಂದು ಕ್ಷೇತ್ರಕ್ಕೆ ಎರಡು, ಮೂರು ಸ್ಥಾನಗಳಿರುವುದು ಮಾಮೂಲು. ಮೂರು ಸ್ಥಾನವಿದ್ದರೆ ಮತದಾರನಿಗೆ ಮೂರು ಮತ, ಒಬ್ಬ ಅಭ್ಯರ್ಥಿಗೆ ಒಂದೇ. ಮೂರಕ್ಕಿಂತ ಕಡಿಮೆ ಜನರಿಗೆ ಮುದ್ರೆ ಒತ್ತಿದರೂ ಸಿಂಧು. ನಾಲ್ಕು ಜನರಿಗೆ ಒತ್ತಿದರೆ ಪೂರ್ತಿ ಮತಪತ್ರ ಅಸಿಂಧು. ಕೆಲವು ಸ್ಥಾನ ಅವಿರೋಧವಾಗಿದ್ದರೆ ಲೆಕ್ಕ ಬದಲಾಗುತ್ತದೆ, ಎಷ್ಟು ಸ್ಥಾನಕ್ಕೆ ಮತದಾನವೆಂದು ಚುನಾವಣಾಧಿಕಾರಿ ಕೊಟ್ಟ ಪಟ್ಟಿ ನೋಡಿಯೇ ಹೇಳಬೇಕು.

"ಎಷ್ಟು ಒತ್ತಬೇಕು ಮೇಷ್ಟ್ರೇ?" ಎಂದು ಮತದಾರರು ಕೇಳಿಯೇ ಕೇಳುತ್ತಾರೆ. ಉತ್ತರ ಎಲ್ಲ ಸಿಬ್ಬಂದಿಯ ಬಾಯಲ್ಲೂ ಒಂದೇ ವಾಕ್ಯವಾಗಿರಲಿ: "ಮೂರು ಜನರ ತನಕ ಒತ್ತಬಹುದು, ಒಬ್ಬರಿಗೆ ಒಂದು." ಅದರ ಮೇಲೆ ಒಂದಕ್ಷರವೂ ಬೇಡ. ಬೆರಳು ಮತಪತ್ರದ ಯಾವ ಗುರುತಿನ ಮೇಲೂ ಹೋಗಬಾರದು. ತೋರಿಸಲು ಬೋರ್ಡಿನ ಮೇಲೆ ಖಾಲಿ ಚೌಕ ಬರೆದಿಡಿ. ಏಜೆಂಟರು ನೋಡುವುದು ನಿಮ್ಮ ಬಾಯನ್ನಲ್ಲ, ಬೆರಳನ್ನು.

ಮಡಿಸುವುದನ್ನೂ ಕಲಿಸಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅಡ್ಡ ಮೊದಲು ಮಡಿಸಿದರೆ ಹಸಿ ಮಸಿ ಇನ್ನೊಬ್ಬ ಅಭ್ಯರ್ಥಿಯ ಚೌಕಕ್ಕೆ ಅಂಟುತ್ತದೆ, ಎಣಿಕೆ ಮೇಜಿನಲ್ಲಿ ಜಗಳ. ಸಿಬ್ಬಂದಿಯೇ ಸರಿಯಾಗಿ ಮಡಿಸಿ, ಬಿಚ್ಚಿ ಕೊಟ್ಟರೆ ಗೆರೆ ಬಿದ್ದಿರುತ್ತದೆ, ಮತದಾರ ಅದೇ ಗೆರೆಯಲ್ಲಿ ಮಡಿಸುತ್ತಾನೆ. ಮತಪತ್ರದ ಹಿಂಬದಿಗೆ ಮತಗಟ್ಟೆಯ ಗುರುತಿನ ಮುದ್ರೆ, ಪಿ.ಆರ್.ಓ. ಸಹಿ ಇಲ್ಲದೆ ಒಂದೂ ಕೈಬಿಡಬಾರದು. ಹಾಗೆಂದು ಹಿಂದಿನ ರಾತ್ರಿಯೇ ಅಷ್ಟೂ ಕಟ್ಟಿಗೆ ಸಹಿ ಹಾಕಿ ಕೂರಬಾರದು. ಸಹಿ ಹಾಕಿ ಉಳಿದದ್ದಕ್ಕೂ ಸಹಿ ಹಾಕದೆ ಉಳಿದದ್ದಕ್ಕೂ ಬೇರೆ ಬೇರೆ ಲೆಕ್ಕ ಕೊಡಬೇಕು.

ಕೌಂಟರ್‌ಫಾಯಿಲಿನಲ್ಲಿ ಮತದಾರನ ಪಟ್ಟಿ ಸಂಖ್ಯೆ ಬರೆಯುವುದು ಸರಿ. ಮತದಾರರ ಪಟ್ಟಿಯಲ್ಲಿ ಮತಪತ್ರದ ಸಂಖ್ಯೆ ಬರೆಯುವುದು ಮಹಾ ತಪ್ಪು, ಗೌಪ್ಯತೆ ಅಲ್ಲೇ ಮುಗಿಯಿತು. ಶಿಸ್ತಿನ ಗುಮಾಸ್ತರು ಈ ತಪ್ಪು ಮಾಡುತ್ತಾರೆ, ಅವರಿಗೆ ಎರಡೂ ಕಡೆ ದಾಖಲೆ ಇರಬೇಕು ಅನ್ನಿಸುತ್ತದೆ.

ಅಳಿಸದ ಶಾಯಿ ಮೈಸೂರಿನಲ್ಲಿ ತಯಾರಾಗುವುದು, ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಸಂಸ್ಥೆಯಲ್ಲಿ. 1962ರಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತದೆ. ಅಭಿಮಾನ ಪಡೋಣ, ಆದರೆ ಶಾಯಿ ಒಣಗುವ ಮೊದಲೇ ಮತಪತ್ರ ಕೈಗೆ ಕೊಟ್ಟರೆ ಅದರ ಕಲೆ ಮತಪತ್ರಕ್ಕೂ ಬೀಳುತ್ತದೆ. ಶಾಯಿ ಮೊದಲು, ಮತದಾರನ ಸಹಿ ಆಮೇಲೆ, ಮತಪತ್ರ ಕೊನೆಗೆ. ಯಾವ ಬೆರಳು ಎಂಬುದನ್ನು ಆ ಚುನಾವಣೆಯ ಆದೇಶ ನೋಡಿ ಹೇಳಿ. ಹತ್ತಿರದಲ್ಲೇ ಬೇರೆ ಚುನಾವಣೆ ಆಗಿದ್ದರೆ ಬೆರಳು ಬದಲಾಗುತ್ತದೆ.

ಗಡಿಯಾರದ ಲೆಕ್ಕ

ಬೆಳಿಗ್ಗೆ ಏಳರಿಂದ ಸಂಜೆ ಐದು ಅಂದರೆ 600 ನಿಮಿಷ. ಪಟ್ಟಿಯಲ್ಲಿ 900 ಜನರಿದ್ದು ಮುಕ್ಕಾಲು ಪಾಲು ಬಂದರೆ 675. ಒಬ್ಬರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ಯಂತ್ರದಲ್ಲಿ ಒಬ್ಬರು ಒತ್ತಿ ಬರುವ ತನಕ ಇನ್ನೊಬ್ಬರನ್ನು ಬಿಡುವಂತಿಲ್ಲ. ಆ ಅಭ್ಯಾಸದವರು ಇಲ್ಲೂ ಒಬ್ಬೊಬ್ಬರನ್ನೇ ಬಿಟ್ಟು, ಹನ್ನೊಂದು ಗಂಟೆಗೆ ಸಾಲು ಶಾಲೆಯ ಗೇಟು ದಾಟಿರುತ್ತದೆ. ಮತಪತ್ರದಲ್ಲಿ ಮರೆಯ ಜಾಗ ಎರಡು ಮಾಡಿಕೊಳ್ಳಬಹುದು. ಒಬ್ಬರು ಒಳಗೆ ಒತ್ತುತ್ತಿರುವಾಗ ಇನ್ನೊಬ್ಬರಿಗೆ ಶಾಯಿ ಹಚ್ಚುತ್ತಿರಬೇಕು. ಇದನ್ನು ಕೋಣೆಯಲ್ಲಿ ಗಡಿಯಾರ ಇಟ್ಟೇ ಮಾಡಿಸಿ: ಇಪ್ಪತ್ತು ಜನ ಮತದಾರರಾಗಲಿ, ತಂಡ ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ ನೋಡಿ.

ಆ ಇಪ್ಪತ್ತರಲ್ಲಿ ಐದಾರು ಜನರಿಗೆ ಗುಟ್ಟಾಗಿ ಪಾತ್ರ ಕೊಡಿ. ತನ್ನ ಮತ ಯಾರೋ ಹಾಕಿಹೋಗಿದ್ದಾರೆಂದು ಬರುವವನು: ಇವನಿಗೆ ಟೆಂಡರ್ಡ್ ಮತಪತ್ರ, ಅದು ಪೆಟ್ಟಿಗೆಗಲ್ಲ, ಬೇರೆ ಲಕೋಟೆಗೆ. ತಪ್ಪಿ ಒತ್ತಿ ಇನ್ನೊಂದು ಕೇಳುವವಳು: ಹಾಳಾದದ್ದನ್ನು ವಾಪಸು ಪಡೆದು ರದ್ದು ಮಾಡಿ, ಹೊಸದು ಕೊಡಬೇಕು. ಕಣ್ಣು ಕಾಣದ ಅಜ್ಜಿಯ ಜತೆ ಬಂದ ಮಗ: ಘೋಷಣೆ ಬರೆಸಿಕೊಂಡು ಬಿಡಬಹುದು. ಅದೇ ಮಗ ಅರ್ಧ ಗಂಟೆ ಬಿಟ್ಟು ಪಕ್ಕದ ಮನೆ ಅಜ್ಜನನ್ನೂ ಕರೆತಂದರೆ ಬಿಡುವಂತಿಲ್ಲ. ಏಜೆಂಟನ ಪಾತ್ರಕ್ಕೆ ನಿಮ್ಮಲ್ಲೇ ಜೋರು ಗಂಟಲಿನವರನ್ನು ಹುಡುಕಿ. ನಮ್ಮಲ್ಲಿ ಈ ಪಾತ್ರಕ್ಕೆ ದೈಹಿಕ ಶಿಕ್ಷಕರಲ್ಲಿ ಪೈಪೋಟಿ ಇದೆ.

ಐದು ಗಂಟೆಗೆ ಸಾಲಿದ್ದರೆ ಕೊನೆಯಲ್ಲಿ ನಿಂತವರಿಂದ ಮುಂದಕ್ಕೆ ಚೀಟಿ ಹಂಚಬೇಕು. ಮುಂದಿನಿಂದ ಹಂಚುತ್ತ ಹೋದರೆ ಹಿಂದೆ ಹೊಸಬರು ಸೇರುತ್ತಲೇ ಇರುತ್ತಾರೆ.

ಲೆಕ್ಕ ಕೂಡಿಸಿ ತೋರಿಸಿ

ಸಾಮಗ್ರಿ ವಾಪಸು ಒಪ್ಪಿಸುವ ಡಿ-ಮಸ್ಟರಿಂಗ್‌ನಲ್ಲಿ ರಾತ್ರಿ ಹತ್ತರ ತನಕ ಕೂರಿಸುವುದು ಮತಪತ್ರ ಲೆಕ್ಕ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಕೈಲೂ ಕೂಡಿಸಿ. ಬಂದ ಮತಪತ್ರ 900. ಕೊಟ್ಟದ್ದು 682. ಸಹಿ ಹಾಕಿ ಉಳಿದದ್ದು 18, ಸಹಿ ಹಾಕದೆ ಉಳಿದದ್ದು 200. ಕೊಟ್ಟದ್ದರಲ್ಲಿ ಹಾಳಾಗಿ ವಾಪಸು ಬಂದದ್ದು 3, ಟೆಂಡರ್ಡ್ 1. ಪೆಟ್ಟಿಗೆಯಲ್ಲಿ ಇರಬೇಕಾದದ್ದು 678. ಮತದಾರರ ಪಟ್ಟಿಯಲ್ಲಿ ಗುರುತು ಹಾಕಿದ ಗಂಡಸರು, ಹೆಂಗಸರು, ಇತರರು ಸೇರಿ ಅದೇ 678 ಬರಬೇಕು. ಬರದಿದ್ದರೆ ಹೆಚ್ಚಿನ ಸಲ ನಿಮ್ಮವರೇ ಗುರುತು ತಪ್ಪಿಸಿರುತ್ತಾರೆ.

ಆಗ ಯಾರಾದರೂ ಎದ್ದು, ಮೂರು ಸ್ಥಾನ ಇದ್ದರೆ 2034 ಬರೆಯಬೇಕಲ್ಲವೇ ಎಂದು ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ಮತಗಟ್ಟೆಯವರ ಲೆಕ್ಕ ಹಾಳೆಗಳದ್ದು, ಮತಗಳದ್ದಲ್ಲ. ಒಂದು ಹಾಳೆಯಲ್ಲಿ ಎಷ್ಟು ಮತವಿದೆ ಎಂಬುದು ಎಣಿಕೆ ಮೇಜಿನ ತಲೆನೋವು. ಎಣಿಕೆ ಸಿಬ್ಬಂದಿಗೆ ತರಬೇತಿ ಬೇರೆಯೇ ಇರಲಿ. ಅಲ್ಲಿ ಹಾಳೆಯನ್ನು ಅಭ್ಯರ್ಥಿವಾರು ಕಟ್ಟು ಕಟ್ಟಿ ಮುಗಿಸಲಾಗದು, ಒಂದೊಂದನ್ನೂ ಓದಿ ಹೇಳಬೇಕು, ಇನ್ನೊಬ್ಬರು ಗೆರೆ ಹಾಕಬೇಕು. ಮೀಸಲಾತಿಯಂತೆ ಗೆದ್ದವರಾರು ಎಂದು ಹೇಳುವುದು ಚುನಾವಣಾಧಿಕಾರಿಯ ಕೆಲಸ, ಅದರಲ್ಲಿ ಎಣಿಕೆಯವರು ಬಾಯಿ ಹಾಕಬಾರದು.

ಪಂಚಾಯ್ತಿ ಸಿಬ್ಬಂದಿಗೆ

ಪಿ.ಡಿ.ಓ., ಬಿಲ್ ಕಲೆಕ್ಟರ್, ನೀರುಗಂಟಿ ಇವರನ್ನು ಬೇರೆಯಾಗಿ ಕೂರಿಸಿ ಒಂದು ಗಂಟೆ ಮಾತಾಡಿ. ಮೇಜು, ಬಲ್ಬು, ಕುಡಿಯುವ ನೀರು, ಗಾಲಿಕುರ್ಚಿಗೆ ಇಳಿಜಾರು, ಶೌಚಾಲಯದ ಬೀಗದ ಕೈ, ರಾತ್ರಿ ಊಟ ಅವರ ಪಾಲಿನದು. ಬರುವ ತಂಡದಲ್ಲಿ ಮಹಿಳಾ ಸಿಬ್ಬಂದಿ ಇದ್ದೇ ಇರುತ್ತಾರೆ, ಮಲಗುವ ಜಾಗಕ್ಕೆ ಒಳಗಿನಿಂದ ಚಿಲಕ ಇದೆಯೇ ಎಂದು ಬಿಲ್ ಕಲೆಕ್ಟರೇ ಹೋಗಿ ನೋಡಬೇಕು. ಗೆದ್ದವರು ನಾಳೆ ಇವರಿಗೇ ಸದಸ್ಯರು, ಅಧ್ಯಕ್ಷರು. ಆ ಮುಜುಗರ ಅರ್ಥವಾಗುವಂಥದ್ದೇ. ಅದಕ್ಕೇ ಮತದಾನದ ದಿನ ನೀರು ತಂದಿಟ್ಟು ಹೊರಗೆ ಹೋಗಬೇಕು, ಕೋಣೆಯಲ್ಲಿ ಕೂತು ಹೆಸರು ಗುರುತಿಸಿಕೊಡುವ ಉಪಕಾರ ಬೇಡ ಎಂದು ನೇರವಾಗಿ ಹೇಳಿ.

ಕೊನೆಗೆ ಹತ್ತು ಪ್ರಶ್ನೆಯ ಪರೀಕ್ಷೆ ಇಡಿ, ಮತಪತ್ರ ಲೆಕ್ಕ ಅದರಲ್ಲಿ ಇರಲೇಬೇಕು. ಪುಸ್ತಕ ನೋಡಿ ಬರೆಯಲಿ, ಮತಗಟ್ಟೆಯಲ್ಲೂ ನೋಡಿಯೇ ಮಾಡುವುದು. ಲೆಕ್ಕ ತಪ್ಪಿದ ಪಿ.ಆರ್.ಓ.ಗಳ ಪಟ್ಟಿಯನ್ನು ಚುನಾವಣಾ ಶಾಖೆಗೆ ಅಂದೇ ಕೊಡಿ, ಅಂಥವರ ಜತೆ ಲೆಕ್ಕ ಬಲ್ಲ ಎ.ಪಿ.ಆರ್.ಓ. (ಸಹಾಯಕ ಅಧ್ಯಕ್ಷಾಧಿಕಾರಿ) ಹಾಕಲು ಅವರಿಗೆ ಎರಡು ದಿನವಾದರೂ ಬೇಕು.